ತೋಳಿನ ಮೇಲಿನ ಐದು ಸಾವಿರ ರೂಪಾಯಿ

ಶುಗರ್ ಅಳೆಯಲು ತೋಳಿಗೆ ಅಂಟಿಸಿಕೊಳ್ಳುವ ಒಂದು ಸೆನ್ಸರ್‌ಗೆ ಐದು ಸಾವಿರದ ಆಸುಪಾಸು. ಹದಿನಾಲ್ಕು ದಿನ ಪೂರ್ತಿ ಬಂದರೆ ದಿನಕ್ಕೆ 357 ರೂಪಾಯಿ ಬಿತ್ತು. ಒಂಬತ್ತನೇ ದಿನಕ್ಕೇ ಕಿತ್ತು ಬಂದರೆ ದಿನಕ್ಕೆ 555. ಸಂಬಳದಲ್ಲಿ ಮನೆ ನಡೆಸುವವರಿಗೆ ಇದು ಸಣ್ಣ ವ್ಯತ್ಯಾಸ ಅಲ್ಲ. ಅದಕ್ಕೇ ಈ ಬಿಲ್ಲೆಯನ್ನು ತೋಳಿನ ಮೇಲೆ ಕೊನೆಯ ದಿನದವರೆಗೂ ಉಳಿಸಿಕೊಳ್ಳುವುದು ಹೇಗೆ, ಅದು ತೋರಿಸುವ ಅಂಕಿಯನ್ನು ಯಾವಾಗ ನಂಬುವುದು ಅಂತ ನಾನು ಸ್ವಲ್ಪ ಜಾಸ್ತಿಯೇ ತಲೆ ಕೆಡಿಸಿಕೊಂಡಿದ್ದೇನೆ.

ನನಗೆ ಟೈಪ್ 2 ಶುಗರ್. ಬರೀ ಮಾತ್ರೆಯಲ್ಲಿ ನಡೆಯುತ್ತಿದ್ದ ಕಾಲ ಮುಗಿದು ಇನ್ಸುಲಿನ್ ಶುರುವಾಗಿ ಕೆಲವು ವರ್ಷಗಳಾದವು. ಮನೆ ಮಂಡ್ಯದಲ್ಲಿ, ಕೆಲಸ ಮೈಸೂರಿನಲ್ಲಿ, ಓಡಾಟ ರೈಲಿನಲ್ಲಿ. ಸಕ್ಕರೆ ನಾಡಿನಲ್ಲಿ ಹುಟ್ಟಿ ಸಕ್ಕರೆ ಕಾಯಿಲೆ ಅಂಟಿಸಿಕೊಂಡೆಯಲ್ಲ ಅನ್ನುವ ಹಾಸ್ಯ ನೂರಾರು ಸಲ ಕೇಳಿದ್ದೇನೆ, ದಯವಿಟ್ಟು ಅದು ಬೇಡ. ಬೆಳಗಿನ ಜಾವ ನನ್ನ ಶುಗರ್ ಇಳಿಯುತ್ತಿದೆಯೋ ಏರುತ್ತಿದೆಯೋ ಬೆರಳು ಚುಚ್ಚಿ ಗ್ಲೂಕೋಮೀಟರ್‌ನಲ್ಲಿ ನೋಡುವುದರಿಂದ ಗೊತ್ತಾಗುತ್ತಿರಲಿಲ್ಲ. ಮೈಸೂರಿನ ನಮ್ಮ ಡಾಕ್ಟರು ಆಗ ಸಿಜಿಎಂ ಹಾಕಿಸಿದರು. ಕಂಟಿನ್ಯೂಯಸ್ ಗ್ಲೂಕೋಸ್ ಮಾನಿಟರ್ ಅಂತ ಪೂರ್ತಿ ಹೆಸರು, ಶುಗರನ್ನು ಬಿಡದೆ ಅಳೆಯುತ್ತಲೇ ಇರುವ ಈ ಬಿಲ್ಲೆಯೇ ಅದು. ಈಗ ತಿಂಗಳಿಗೊಂದು ಹಾಕಿಕೊಳ್ಳುತ್ತೇನೆ. ಡೋಸ್ ಬದಲಾದಾಗ, ಜ್ವರ ಬಂದಾಗ ಒಂದರ ಹಿಂದೆ ಒಂದು. ಕಂಪನಿಯ ಹೆಸರು ಬೇಕಂತಲೇ ಹೇಳುತ್ತಿಲ್ಲ. ಇಲ್ಲಿ ಬರೆದಿರುವುದರಲ್ಲಿ ಬಹುಪಾಲು ಎಲ್ಲ ಕಂಪನಿಯದಕ್ಕೂ ಹೊಂದುತ್ತದೆ. ಹೊಂದದ ಕಡೆ ಹಾಗಂತ ಹೇಳುತ್ತೇನೆ.

ಮೊದಲು ಅದು ಏನನ್ನು ಅಳೆಯುತ್ತದೆ ಅನ್ನುವುದು ತಿಳಿಯಬೇಕು. ಇದು ಗೊತ್ತಿಲ್ಲದೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ. ಬಿಲ್ಲೆಯ ಅಡಿಯಲ್ಲಿ ಕೂದಲಿನಂಥ ಮೆತ್ತನೆಯ ಎಳೆ ಇದೆ. ನನ್ನದರಲ್ಲಿ ಸುಮಾರು ಐದು ಮಿಲಿಮೀಟರ್ ಚರ್ಮದ ಒಳಗೆ ಹೋಗುತ್ತದೆ. ಹಾಕುವಾಗ ಸೂಜಿ ಚುಚ್ಚಿ ವಾಪಸ್ ಬಂದುಬಿಡುತ್ತದೆ, ಎಳೆ ಮಾತ್ರ ಒಳಗೆ ಉಳಿಯುತ್ತದೆ. ಆ ಎಳೆಯ ತುದಿಯಲ್ಲಿ ಗ್ಲೂಕೋಸ್ ಆಕ್ಸಿಡೇಸ್ ಅನ್ನುವ ಕಿಣ್ವ. ಗ್ಲೂಕೋಸ್ ಅದಕ್ಕೆ ತಾಗಿದಾಗ ಒಂದು ಸಣ್ಣ ಕರೆಂಟ್ ಹುಟ್ಟುತ್ತದೆ. ಕರೆಂಟ್ ಎಷ್ಟು ಅನ್ನುವುದನ್ನು ಲೆಕ್ಕ ಹಾಕಿ ಫೋನಿಗೆ ಅಂಕಿ ಕಳಿಸುತ್ತದೆ. ಈ ಉಪಾಯ ಹೊಸದೇನಲ್ಲ. ಅಮೆರಿಕದ ಲೇಲ್ಯಾಂಡ್ ಕ್ಲಾರ್ಕ್ 1962ರಲ್ಲೇ ಇದನ್ನು ಹೇಳಿದ್ದರು. ತೋಳಿಗೆ ಅಂಟಿಸುವಷ್ಟು ಚಿಕ್ಕದಾಗಲು ಇಷ್ಟು ವರ್ಷ ಹಿಡಿಯಿತು.

ಮುಖ್ಯ ಸಂಗತಿ ಏನೆಂದರೆ, ಎಳೆ ರಕ್ತದಲ್ಲಿ ಇಲ್ಲ. ಜೀವಕೋಶಗಳ ನಡುವೆ ಇರುವ ನೀರಿನಲ್ಲಿ ಇದೆ. ಸಕ್ಕರೆ ಮೊದಲು ರಕ್ತಕ್ಕೆ ಬರುತ್ತದೆ, ಆಮೇಲೆ ಅಲ್ಲಿಗೆ ಸೋರುತ್ತದೆ. ಕೆಆರ್‌ಎಸ್‌ನಲ್ಲಿ ತೂಬು ಎತ್ತಿದ ತಕ್ಷಣ ಮಳವಳ್ಳಿಯ ಕೊನೆ ಗದ್ದೆಗೆ ನೀರು ಬರುವುದಿಲ್ಲವಲ್ಲ, ಹಾಗೆ. ಇಲ್ಲಿ ತಡ ಐದರಿಂದ ಹತ್ತು ನಿಮಿಷ ಅಷ್ಟೆ. ಆದರೆ ಶುಗರ್ ಜೋರಾಗಿ ಏರುವಾಗ ಆ ಹತ್ತು ನಿಮಿಷದಲ್ಲಿ ಇಪ್ಪತ್ತು, ಮೂವತ್ತು ಪಾಯಿಂಟ್ (ಒಂದು ಡೆಸಿಲೀಟರ್‌ಗೆ ಇಷ್ಟು ಮಿಲಿಗ್ರಾಂ ಅನ್ನುವ ಶುಗರ್ ಅಂಕಿ) ವ್ಯತ್ಯಾಸ ಆಗಿಬಿಡುತ್ತದೆ.

ಇನ್ನು ಹಾಕುವ ವಿಷಯ. ಸೆನ್ಸರ್ ಎಷ್ಟು ದಿನ ಬಾಳುತ್ತದೆ ಅನ್ನುವುದು ಅರ್ಧ ಇಲ್ಲೇ ತೀರ್ಮಾನವಾಗುತ್ತದೆ.

ಮೇಲ್ದೋಳಿನ ಹಿಂಭಾಗ ಅಂತ ಪೆಟ್ಟಿಗೆಯ ಜೊತೆ ಬರುವ ಪುಸ್ತಕದಲ್ಲಿ ಬರೆದಿರುತ್ತಾರೆ. ಹಿಂಭಾಗ ಅಂದರೆ ನಿಜವಾಗಿ ಹಿಂಭಾಗ, ಪಕ್ಕ ಅಲ್ಲ. ಪಕ್ಕಕ್ಕೆ ಹಾಕಿದರೆ ಬಾಗಿಲ ಚೌಕಟ್ಟು, ಬಸ್ಸಿನ ಕಂಬಿ, ಎಲ್ಲವೂ ಅದಕ್ಕೇ ಬಡಿಯುತ್ತವೆ. ಸೊಂಟದ ಮೇಲೆ ಕೈ ಇಟ್ಟು ಕನ್ನಡಿಗೆ ಬೆನ್ನು ಹಾಕಿ ನಿಂತರೆ ಸರಿಯಾದ ಜಾಗ ಕಾಣುತ್ತದೆ. ಅಲ್ಲಿ ಬೆರಳಲ್ಲಿ ಹಿಡಿದರೆ ಮೆತ್ತಗೆ ಮಾಂಸ ಸಿಗಬೇಕು. ಕೈ ಮಡಚಿದಾಗ, ಎತ್ತಿದಾಗ ಚರ್ಮ ಮಡಿಕೆ ಬೀಳಬಾರದು. ಮಚ್ಚೆ, ಹಳೇ ಗಾಯದ ಕಲೆ, ಇನ್ಸುಲಿನ್ ಚುಚ್ಚುವ ಜಾಗ ಬಿಟ್ಟುಬಿಡಬೇಕು. ಇನ್ಸುಲಿನ್ ಜಾಗದಿಂದ ಒಂದು ಇಂಚಾದರೂ ದೂರ ಇರಲಿ. ನಾನು ಎಡಕ್ಕೊಂದು ಸಲ, ಬಲಕ್ಕೊಂದು ಸಲ ಹಾಕುತ್ತೇನೆ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಹಾಕಿದರೆ ಚರ್ಮ ಕೆಂಪಾಗಿ ತುರಿಸುತ್ತದೆ, ಅಂಟೂ ಹಿಡಿಯುವುದಿಲ್ಲ.

ಚರ್ಮ ತಯಾರು ಮಾಡುವುದು ಬೇಜಾರಿನ ಕೆಲಸ, ಆದರೆ ಅದನ್ನು ಬಿಡುವಂತಿಲ್ಲ. ಸಾದಾ ಸೋಪು ಸಾಕು. ಕ್ರೀಮ್ ಇರುವ ಸೋಪು, ಬಾಡಿ ಲೋಷನ್, ಪೌಡರ್, ಕೊಬ್ಬರಿ ಎಣ್ಣೆ, ಇವು ಆ ದಿನ ತೋಳಿನ ಹತ್ತಿರ ಸುಳಿಯಬಾರದು. ಕೂದಲಿದ್ದರೆ ಹಿಂದಿನ ದಿನ ಬೋಳಿಸಬೇಕು. ಅದೇ ದಿನ ಬೋಳಿಸಿದರೆ ಉರಿಯುತ್ತದೆ. ಆಮೇಲೆ ಸ್ಪಿರಿಟ್ ಸ್ವಾಬ್‌ನಿಂದ ಒರೆಸಿ, ಅದು ಪೂರ್ತಿ ಒಣಗುವ ತನಕ ಸುಮ್ನೆ ಕೂರಬೇಕು. ಬಿಸಿನೀರು ಸ್ನಾನ ಮಾಡಿ ಬಂದ ಕೂಡಲೇ ಹಾಕುವುದೂ ಬೇಡ. ಮೈ ಇನ್ನೂ ಬೆವರುತ್ತಿರುತ್ತದೆ. ಏಪ್ರಿಲ್ ತಿಂಗಳಲ್ಲಿ ನಾನು ರಾತ್ರಿ ಊಟವಾದ ಮೇಲೆ ಫ್ಯಾನಿನ ಕೆಳಗೆ ಅರ್ಧ ಗಂಟೆ ಕೂತು ಆಮೇಲೆ ಹಾಕುತ್ತೇನೆ.

ಸೆನ್ಸರ್ ಹಾಕಲು ಜೊತೆಗೇ ಬರುವ ಡಬ್ಬಿಯನ್ನು ಚರ್ಮದ ಮೇಲೆ ನೇರವಾಗಿ ಇಟ್ಟು ಒಂದೇ ಸಲ ಗಟ್ಟಿಯಾಗಿ ಒತ್ತಬೇಕು. ಟಕ್ ಅಂದ ಮೇಲೂ ಒಂದೆರಡು ಕ್ಷಣ ಹಾಗೇ ಹಿಡಿದಿದ್ದು, ನಿಧಾನವಾಗಿ ಎತ್ತಬೇಕು. ನನ್ನ ಹೆಂಡತಿ ಹಾಕುವಾಗ ಸೂಜಿಗಿಂತ ಅವಳ ಮಾತೇ ಜಾಸ್ತಿ ಚುಚ್ಚುತ್ತದೆ. "ಅಲ್ಲಾಡ್ಬೇಡಿ ಅಂದೆ ಅಲ್ವಾ, ಐದು ಸಾವಿರ ಕಣ್ರೀ ಇದು!" ಹಾಕಿದ ಮೇಲೆ ಬಿಲ್ಲೆಯ ಸುತ್ತಲಿನ ಅಂಟನ್ನು ಬೆರಳಿಂದ ಚೆನ್ನಾಗಿ ಒತ್ತುತ್ತಾ ಬರಬೇಕು. ಮೈಯ ಬಿಸಿಗೆ ಅಂಟು ಹಿಡಿಯುತ್ತದೆ. ಒಂದು ಹನಿ ರಕ್ತ ಬಂದರೆ ಗಾಬರಿ ಬೇಡ, ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ನಿಲ್ಲುತ್ತದೆ. ನಿಲ್ಲದೆ ಸೋರುತ್ತಲೇ ಇದ್ದರೆ ಆ ಸೆನ್ಸರ್ ತೆಗೆಯುವುದೇ ದಾರಿ. ರಕ್ತದಲ್ಲಿ ನೆನೆದ ಎಳೆ ಸರಿಯಾದ ಅಂಕಿ ಕೊಡುವುದಿಲ್ಲ.

ಮೊದಲ ದಿನದ ಅಂಕಿಯನ್ನು ನಾನು ಅರ್ಧ ಮಾತ್ರ ನಂಬುತ್ತೇನೆ. ಶುರು ಮಾಡಿದ ಮೇಲೆ ಒಂದು ಗಂಟೆ ಅದು ಏನೂ ತೋರಿಸುವುದಿಲ್ಲ. ಆಮೇಲೆ ತೋರಿಸುತ್ತದೆ, ಆದರೆ ಆ ಹೊತ್ತಿಗೆ ಒಳಗೆ ಗಾಯ ಇನ್ನೂ ಹಸಿ. ಸೂಜಿ ಹೋದ ಕಡೆ ದೇಹ ತನ್ನ ಕೆಲಸ ಶುರು ಮಾಡಿರುತ್ತದೆ. ಸುತ್ತ ಸ್ವಲ್ಪ ಊತ, ಅಲ್ಲಿನ ಜೀವಕೋಶಗಳು ತಾವೇ ಸಕ್ಕರೆ ಬಳಸಿಕೊಳ್ಳುತ್ತವೆ. ಬಹಳ ಜನರಿಗೆ ಮೊದಲ ದಿನ ಅಂಕಿ ಕಮ್ಮಿ ತೋರಿಸುವುದು ಅದಕ್ಕೇ. "ಇದು ಡಬ್ಬಾ ಸೆನ್ಸರ್, ಗ್ಲೂಕೋಮೀಟರ್‌ಗೂ ಇದಕ್ಕೂ ನಲವತ್ತು ಪಾಯಿಂಟ್ ಡಿಫರೆನ್ಸ್" ಅಂತ ಮೊದಲ ದಿನವೇ ಕಿತ್ತು ಎಸೆದವರನ್ನು ನೋಡಿದ್ದೇನೆ. ಒಂದು ದಿನ ತಡೆದಿದ್ದರೆ ಅದೇ ಸೆನ್ಸರ್ ಸರಿದಾರಿಗೆ ಬರುತ್ತಿತ್ತೇನೋ.

ಇದಕ್ಕೆ ನಾನು ಮಾಡುವುದು ಇಷ್ಟು. ಒಂದರ ಹಿಂದೆ ಒಂದು ಹಾಕುವ ಕಾಲದಲ್ಲಿ, ಹಳೆಯದು ಮುಗಿಯುವ ಹಿಂದಿನ ರಾತ್ರಿಯೇ ಹೊಸದನ್ನು ಇನ್ನೊಂದು ತೋಳಿಗೆ ಹಾಕಿಬಿಡುತ್ತೇನೆ. ಶುರು ಮಾಡುವುದಿಲ್ಲ. ಬೆಳಿಗ್ಗೆ ಹಳೆಯದು ನಿಂತ ಮೇಲೆ ಹೊಸದನ್ನು ಫೋನಿನಿಂದ ಶುರು ಮಾಡುತ್ತೇನೆ. ಅಷ್ಟರಲ್ಲಿ ಗಾಯ ಸ್ವಲ್ಪ ಶಾಂತವಾಗಿರುತ್ತದೆ. ದಿನದ ಲೆಕ್ಕ ಶುರು ಮಾಡಿದಾಗಿನಿಂದ ನಡೆಯುವುದರಿಂದ ಒಂದು ರಾತ್ರಿ ನಷ್ಟವೂ ಇಲ್ಲ. ಇದು ಪೆಟ್ಟಿಗೆಯೊಳಗಿನ ಪುಸ್ತಕದಲ್ಲಿ ಇಲ್ಲದ ಉಪಾಯ. ನಮ್ಮ ಡಾಕ್ಟರನ್ನು ಕೇಳಿಯೇ ಮಾಡಿದೆ. ಇನ್ನೊಂದು ಮಾತು. ಕೆಲವು ಸೆನ್ಸರ್‌ಗಳು ಚರ್ಮಕ್ಕೆ ಹೋದ ಕೂಡಲೇ ತಾವೇ ಶುರುವಾಗುತ್ತವೆ. ಅವುಗಳಲ್ಲಿ ಇದು ನಡೆಯುವುದಿಲ್ಲ.

ಅಂಕಿ ತಾಳೆ ನೋಡುವ ವಿಷಯಕ್ಕೆ ಬರೋಣ. ಜಗಳವೆಲ್ಲ ಇರುವುದು ಇಲ್ಲೇ.

ಎಲ್ಲರೂ ಗ್ಲೂಕೋಮೀಟರ್ ಅಂಕಿಯನ್ನು ಸತ್ಯ ಅಂತ ಹಿಡಿದು ಸೆನ್ಸರನ್ನು ಅದರ ಮುಂದೆ ನಿಲ್ಲಿಸುತ್ತಾರೆ. ಗ್ಲೂಕೋಮೀಟರ್‌ಗೂ ಅದರದೇ ವ್ಯತ್ಯಾಸ ಇದೆ. ಐಎಸ್ಒ 15197 ಅನ್ನುವ ಅಂತರರಾಷ್ಟ್ರೀಯ ಮಾನದಂಡದ 2013ರ ನಿಯಮ ನೋಡಿ. ನಿಜವಾದ ಶುಗರ್ 100 ಅಥವಾ ಮೇಲಿದ್ದರೆ 15 ಪರ್ಸೆಂಟ್ ಆಚೀಚೆ, 100ಕ್ಕಿಂತ ಕೆಳಗಿದ್ದರೆ 15 ಪಾಯಿಂಟ್ ಆಚೀಚೆ ಇದ್ದರೂ ಪಾಸು. ಅದೂ ನೂರಕ್ಕೆ ತೊಂಬತ್ತೈದು ಸಲ. ಅಂದರೆ ನಿಜ 200 ಇದ್ದಾಗ ಮೀಟರ್ 170 ತೋರಿಸಿದರೂ ಸರಿ, 230 ತೋರಿಸಿದರೂ ಸರಿ. ಈಗಿನ ಒಳ್ಳೆಯ ಸೆನ್ಸರ್‌ಗಳ ಸರಾಸರಿ ವ್ಯತ್ಯಾಸ 8ರಿಂದ 10 ಪರ್ಸೆಂಟ್ ಅಂತ ಹೇಳುತ್ತಾರೆ. ಎರಡನ್ನೂ ಪಕ್ಕದಲ್ಲಿಟ್ಟರೆ ಒಂದೇ ಅಂಕಿ ಬಂದಾಗಲೇ ಆಶ್ಚರ್ಯಪಡಬೇಕು.

ಬೆರಳಿನ ವಿಷಯ ಇನ್ನೊಂದು. ಬೆಲ್ಲ ಮುಟ್ಟಿದ ಕೈ, ಮಾವಿನಹಣ್ಣು ಹೆಚ್ಚಿದ ಕೈ, ಅದೇ ಬೆರಳನ್ನು ಚುಚ್ಚಿದರೆ ಮೀಟರ್ ಬೆರಳ ಮೇಲಿನ ಸಕ್ಕರೆಯನ್ನೂ ಅಳೆಯುತ್ತದೆ. ನಮ್ಮ ಊರ ಕಡೆ ಆಲೆಮನೆಗೆ ಹೋಗಿ ಬಂದವರು ಕೈ ತೊಳೆಯದೆ ಚುಚ್ಚಿಕೊಂಡು 300 ನೋಡಿ ಬೆವರಿದ್ದನ್ನು ಕಂಡಿದ್ದೇನೆ. ಸೋಪಿನಿಂದ ತೊಳೆದು ಒರೆಸಿ ಮತ್ತೆ ನೋಡಿದಾಗ 140ರ ಹತ್ತಿರ. ಅವರು ಆಲೆಮನೆಯಲ್ಲಿ ಏನೂ ಬಾಯಿಗೆ ಹಾಕಿರಲಿಲ್ಲವಂತೆ. ನಂಬಬೇಕಷ್ಟೆ.

ತಾಳೆ ನೋಡಲು ಸರಿಯಾದ ಸಮಯ ಇದೆ. ಊಟಕ್ಕೆ ಮುಂಚೆ, ಫೋನಿನಲ್ಲಿ ಶುಗರ್ ಏರುತ್ತಿದೆಯೋ ಇಳಿಯುತ್ತಿದೆಯೋ ತೋರಿಸುವ ಬಾಣ ಅಡ್ಡಡ್ಡ ಇರುವಾಗ. ಬಾಣ ಅಡ್ಡ ಇದ್ದರೆ ಶುಗರ್ ನಿಮಿಷಕ್ಕೆ ಒಂದು ಪಾಯಿಂಟ್‌ಗಿಂತ ಕಮ್ಮಿ ಬದಲಾಗುತ್ತಿದೆ ಅಂತ ಅರ್ಥ. ಆಗ ರಕ್ತಕ್ಕೂ ಚರ್ಮದ ಕೆಳಗಿನ ನೀರಿಗೂ ಹೆಚ್ಚು ಅಂತರ ಇರುವುದಿಲ್ಲ. ನೆಟ್ಟಗೆ ಮೇಲೆ ನೋಡುವ ಬಾಣ ಇದ್ದರೆ ನಿಮಿಷಕ್ಕೆ ಎರಡು ಪಾಯಿಂಟ್‌ಗೂ ಹೆಚ್ಚು ಏರುತ್ತಿದೆ. ಮುದ್ದೆ ಉಂಡು ಮುಕ್ಕಾಲು ಗಂಟೆಗೆ ತಾಳೆ ನೋಡುತ್ತಾ ಕೂತರೆ ಎರಡೂ ಹೊಂದುವುದೇ ಇಲ್ಲ. ಎರಡನೇ ದಿನದ ನಂತರ, ಬಾಣ ಅಡ್ಡ ಇರುವಾಗ, ಕೈ ತೊಳೆದು ನೋಡಿದಾಗಲೂ 20 ಪರ್ಸೆಂಟ್‌ಗಿಂತ ಜಾಸ್ತಿ ಅಂತರ ಬರುತ್ತಿದ್ದರೆ, ಅದೂ ಬೇರೆ ಬೇರೆ ಹೊತ್ತಿನಲ್ಲಿ ಬರುತ್ತಿದ್ದರೆ, ಆಗ ಮಾತ್ರ ಸೆನ್ಸರ್ ಮೇಲೆ ಅನುಮಾನ ಪಡುತ್ತೇನೆ.

ಕೆಲವು ಕಂಪನಿಯ ಸೆನ್ಸರ್‌ಗೆ ಬೆರಳಿನ ಅಂಕಿ ಕೊಟ್ಟು ಸರಿಹೊಂದಿಸಬಹುದು. ನನ್ನದು ಕಾರ್ಖಾನೆಯಲ್ಲೇ ಹೊಂದಿಸಿ ಬರುವಂಥದ್ದು, ನಾವು ಮುಟ್ಟುವ ಹಾಗಿಲ್ಲ. ಸರಿಹೊಂದಿಸುವವರು ಕೂಡ ಬಾಣ ಅಡ್ಡ ಇರುವಾಗ ಮಾತ್ರ ಮಾಡಬೇಕು. ಏರುವಾಗಲೋ ಇಳಿಯುವಾಗಲೋ ಅಂಕಿ ಕೊಟ್ಟರೆ ಇದ್ದದ್ದೂ ಕೆಡುತ್ತದೆ.

ಇನ್ನು ಒತ್ತಡದ ಕತೆ. ಸಂಜೆ ಮೈಸೂರಿನಿಂದ ಹೊರಡುವ ಗಾಡಿಯಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕರೆ ನಾಗನಹಳ್ಳಿ ದಾಟುವಷ್ಟರಲ್ಲಿ ನನಗೆ ನಿದ್ದೆ. ತೋಳು ಕಿಟಕಿಯ ಚೌಕಟ್ಟಿಗೆ ಒತ್ತಿಕೊಂಡಿರುತ್ತದೆ. ಪಾಂಡವಪುರದ ಹೊತ್ತಿಗೆ ಫೋನ್ ಕಿರುಚುತ್ತದೆ: 58. ಒಂದು ಸಲ ಎದುರಿನ ಸೀಟಿನವರು "ಸಾರ್, ಶುಗರ್ ಲೋ ಆಯ್ತಾ? ತಗೊಳಿ, ಮೈಸೂರ್ ಪಾಕ್ ಇದೆ" ಅಂತ ಪೊಟ್ಟಣವನ್ನೇ ಬಿಚ್ಚಿದರು. ಬೆರಳು ಚುಚ್ಚಿದರೆ 109. ಒಳ್ಳೆಯ ಮನಸ್ಸಿನಿಂದ ಕೊಟ್ಟಿದ್ದನ್ನು ಬೇಡ ಅನ್ನುವುದು ಬೆರಳು ಚುಚ್ಚುವುದಕ್ಕಿಂತ ಕಷ್ಟ.

ಸೆನ್ಸರ್ ಇರುವ ಜಾಗ ಒತ್ತಿಕೊಂಡರೆ ಅಲ್ಲಿಗೆ ರಕ್ತ, ನೀರು ಹರಿಯುವುದು ಕಮ್ಮಿಯಾಗುತ್ತದೆ. ಅಲ್ಲಿ ಉಳಿದ ಗ್ಲೂಕೋಸನ್ನು ಸುತ್ತಲಿನ ಜೀವಕೋಶಗಳು ಬಳಸಿಬಿಡುತ್ತವೆ. ಎಳೆಗೆ ಸಿಗುವುದು ಕಮ್ಮಿ, ತೋರಿಸುವುದೂ ಕಮ್ಮಿ. ರಾತ್ರಿ ಆ ಕಡೆ ಮಗ್ಗುಲಾಗಿ ಮಲಗಿದಾಗಲೂ ಇದೇ. ಗ್ರಾಫ್ ನೋಡಿ ಗುರುತಿಸಲು ಕಲಿಯಬಹುದು. ನಿಜವಾಗಿ ಶುಗರ್ ಇಳಿಯುವಾಗ ಗೆರೆ ಇಳಿಜಾರಾಗಿ ಬರುತ್ತದೆ. ಒತ್ತಿಕೊಂಡಾಗ ಏಕ್ದಂ ಕೆಳಗೆ ಬೀಳುತ್ತದೆ, ಮಗ್ಗುಲು ಬದಲಿಸಿದ ಮೇಲೆ ಅಷ್ಟೇ ಬೇಗ ಮೇಲೆ ಬರುತ್ತದೆ. ಆದರೆ ಗ್ರಾಫ್ ನೋಡಿ ಊಹೆ ಮಾಡಿ ಮತ್ತೆ ಮಲಗುವ ಕೆಲಸ ಯಾರೂ ಮಾಡಬೇಡಿ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಬೆರಳು ಚುಚ್ಚದೆ ಅದು ಸುಳ್ಳು ಅಲಾರಂ ಅಂತ ತೀರ್ಮಾನಿಸುವ ಹಕ್ಕಿಲ್ಲ. ಕೈ ನಡುಗಿ ಬೆವರು ಬರುತ್ತಿದ್ದರೆ ಸೆನ್ಸರ್ 120 ತೋರಿಸಿದರೂ ನಂಬಬೇಡಿ. ಮೀಟರ್ ಹತ್ತಿರ ಇಲ್ಲದಿದ್ದರೆ ಮೊದಲು ಸಕ್ಕರೆ ಬಾಯಿಗೆ ಹಾಕಿಕೊಳ್ಳಿ, ವಿಚಾರ ಆಮೇಲೆ.

ಈಗ ಎಡ ತೋಳಿಗೆ ಹಾಕಿದ್ದರೆ ಬಲ ಮಗ್ಗುಲು. ರೈಲಿನಲ್ಲಿ ಯಾವ ಕಿಟಕಿ ಅನ್ನುವುದೂ ತೋಳಿನ ಮೇಲೆ ನಿಂತಿದೆ.

ಇನ್ನೊಂದು ಸುಳ್ಳು ಅಂಕಿ ಮೇಲ್ಮುಖದ್ದು. ಇದು ನನ್ನ ಅನುಭವ ಅಲ್ಲ, ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಜೊತೆಗೆ ನಡೆಯುವ ಸ್ನೇಹಿತರದು. ಅವರ ಸೆನ್ಸರ್ ದಿನವಿಡೀ ಹೆಚ್ಚು ತೋರಿಸುತ್ತಿತ್ತು. ಬೆರಳು ಚುಚ್ಚಿದರೆ ನಾರ್ಮಲ್. ವಿಚಾರಿಸಿದಾಗ ಗೊತ್ತಾದದ್ದು, ನೆಗಡಿ ಅಂತ ವಿಟಮಿನ್ ಸಿ ಮಾತ್ರೆ ನುಂಗುತ್ತಿದ್ದಾರೆ, ಜೊತೆಗೆ ಶುಗರ್‌ಗೆ ಒಳ್ಳೆಯದು ಅಂತ ಖಾಲಿ ಹೊಟ್ಟೆಗೆ ನೆಲ್ಲಿಕಾಯಿ ರಸ. ವಿಟಮಿನ್ ಸಿ ಕೂಡ ಎಳೆಯ ತುದಿಯಲ್ಲಿ ಕರೆಂಟ್ ಹುಟ್ಟಿಸುತ್ತದೆ. ಸೆನ್ಸರ್ ಅದನ್ನೂ ಗ್ಲೂಕೋಸ್ ಅಂತಲೇ ಎಣಿಸುತ್ತದೆ. ದಿನಕ್ಕೆ 500 ಮಿಲಿಗ್ರಾಂ ದಾಟಿದರೆ ಅಂಕಿ ಸುಳ್ಳು ಸುಳ್ಳೇ ಏರಬಹುದು ಅಂತ ನಾವಿಬ್ಬರೂ ಬಳಸುವ ಸೆನ್ಸರ್‌ನ ಪುಸ್ತಕದಲ್ಲೇ ಇದೆ. ಮೆಡಿಕಲ್ ಶಾಪಿನಲ್ಲಿ ಸಿಗುವ ಚೀಪುವ ಮಾತ್ರೆ ಸಾಮಾನ್ಯವಾಗಿ ಒಂದೊಂದೂ 500 ಮಿಲಿಗ್ರಾಂ. ಊಟದ ಜೊತೆ ನಿಂಬೆಹಣ್ಣು ಹಿಂಡಿಕೊಳ್ಳುವುದಕ್ಕೆಲ್ಲ ಹೆದರಬೇಕಿಲ್ಲ. ಮಾತ್ರೆ, ನೀರಿಗೆ ಹಾಕಿ ಕುಡಿಯುವ ಪುಡಿ, ಲೋಟಗಟ್ಟಲೆ ನೆಲ್ಲಿಕಾಯಿ ರಸ ಇವೇ ಅಪಾಯ. ಯಾಕೆ ಅಪಾಯ ಅಂದರೆ, ಸುಳ್ಳು 260 ನೋಡಿ ಯಾರಾದರೂ ನಿಜವಾದ ಇನ್ಸುಲಿನ್ ಚುಚ್ಚಿಕೊಂಡರೆ ಶುಗರ್ ಪಾತಾಳಕ್ಕೆ ಇಳಿಯುತ್ತದೆ. ಬೇರೆ ಕೆಲವು ಕಂಪನಿಯ ಸೆನ್ಸರ್‌ಗಳಿಗೆ ಪ್ಯಾರಸಿಟಮಾಲ್ ಕೂಡ ಹೀಗೇ ಮೋಸ ಮಾಡುತ್ತದೆ. ನಿಮ್ಮ ಪೆಟ್ಟಿಗೆಯ ಪುಸ್ತಕದಲ್ಲಿ ಆ ಒಂದು ಪುಟವನ್ನಾದರೂ ಓದಿ.

ಅಂಟಿನ ಕಷ್ಟ ಬೇಸಿಗೆಯಲ್ಲಿ ಶುರು. ನಾನು ಸೆನ್ಸರ್ ಮೇಲೆ ಪಾರದರ್ಶಕ ಪ್ಯಾಚ್ ಹಾಕುತ್ತೇನೆ. ಆಸ್ಪತ್ರೆಯಲ್ಲಿ ಡ್ರಿಪ್ ಸೂಜಿಯ ಮೇಲೆ ಹಾಕುತ್ತಾರಲ್ಲ, ಆ ತರಹದ್ದು. ನನ್ನ ಸೆನ್ಸರ್‌ನ ನಡುವೆ ಒಂದು ಸಣ್ಣ ತೂತು ಇದೆ, ಅದು ಮುಚ್ಚಬಾರದು. ಹಾಗಾಗಿ ಪ್ಯಾಚಿನ ನಡುವೆ ಕತ್ತರಿಯಿಂದ ಗುಂಡಗೆ ಕತ್ತರಿಸಿ, ಅಂಟಿನ ಅಂಚು ಮಾತ್ರ ಮುಚ್ಚುವ ಹಾಗೆ ಹಾಕುತ್ತೇನೆ. ಬಿಳಿ ಮೈಕ್ರೋಪೋರ್ ಟೇಪ್ ಅಗ್ಗ, ಆದರೆ ಎರಡು ಸ್ನಾನಕ್ಕೆ ನೆನೆದು ಸುರುಳಿ ಸುತ್ತಿಕೊಳ್ಳುತ್ತದೆ. ಆಟಗಾರರು ಮೊಣಕಾಲಿಗೆ ಹಾಕುವ ಹಿಗ್ಗುವ ಟೇಪ್ ಅದಕ್ಕಿಂತ ವಾಸಿ. ಮೂಲೆಗಳನ್ನು ದುಂಡಗೆ ಕತ್ತರಿಸಿದರೆ ಬಟ್ಟೆಗೆ ಸಿಕ್ಕಿ ಏಳುವುದಿಲ್ಲ. ಅಂಚು ಸ್ವಲ್ಪ ಎದ್ದರೆ ಎಳೆಯಬಾರದು. ಎದ್ದಷ್ಟನ್ನು ಕತ್ತರಿಸಿ ಮೇಲೊಂದು ಪ್ಯಾಚ್ ಹಾಕಿದರೆ ಮುಗಿಯಿತು. ಟವೆಲಿನಿಂದ ಉಜ್ಜುವುದು ಬೇಡ, ಒತ್ತಿ ಒರೆಸಬೇಕು. ಬನಿಯನ್ ತೆಗೆಯುವಾಗ ಸೆನ್ಸರ್ ಇಲ್ಲದ ತೋಳು ಮೊದಲು, ಇರುವ ತೋಳು ಆಮೇಲೆ. ಹಾಕುವಾಗ ಇದರ ಉಲ್ಟಾ.

ನೀರಿನ ಭಯ ಅಷ್ಟಾಗಿ ಬೇಡ. ನನ್ನದು ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ ಅಂತ ಬರೆದಿದೆ. ದಿನದ ಸ್ನಾನಕ್ಕೆ ಏನೂ ಆಗುವುದಿಲ್ಲ. ಎಣ್ಣೆಯೇ ಶತ್ರು. ಯುಗಾದಿಗೆ ಊರಿಗೆ ಹೋದಾಗ ನಮ್ಮ ಅತ್ತೆ ಹರಳೆಣ್ಣೆ ಬಟ್ಟಲು ಹಿಡಿದು ಬಂದರು. "ಅದೇನ್ ಮಗಾ ತೋಳ್ಗೆ ಅಂಟಿಸ್ಕೊಂಡಿರೋದು? ಬಿಚ್ಚಿ ಪಕ್ಕಕ್ಕಿಡು, ಮೈಗೆಲ್ಲ ಎಣ್ಣೆ ಹಚ್ಚುವಾ." ಬಿಚ್ಚಿ ಇಟ್ಟು ಮತ್ತೆ ಹಾಕಿಕೊಳ್ಳುವ ವಸ್ತು ಅಲ್ಲ ಅಂತ ಅವರಿಗೆ ಅರ್ಥ ಮಾಡಿಸುವಷ್ಟರಲ್ಲಿ ಒಲೆಯ ಮೇಲೆ ನೀರು ಕುದಿಯುತ್ತಿತ್ತು. ತಲೆಗೆ, ಕಾಲಿಗೆ ಮಾತ್ರ ಅಂತ ರಾಜಿಯಾಯಿತು. ಆದರೆ ತಲೆಯ ಎಣ್ಣೆ ಸೀಗೆಪುಡಿಯ ನೀರಿನ ಜೊತೆ ತೋಳಿನ ಮೇಲೇ ಇಳಿಯುತ್ತದಲ್ಲ? ಮಾರನೇ ದಿನ ಅಂಚು ಏಳಲು ಶುರುವಾಯಿತು. ಅಂದಿನಿಂದ ಯುಗಾದಿ, ದೀಪಾವಳಿಯ ತಾರೀಕು ನೋಡಿಯೇ ಸೆನ್ಸರ್ ಹಾಕುವ ದಿನ ಗೊತ್ತು ಮಾಡುತ್ತೇನೆ. ಹಬ್ಬದ ಎಣ್ಣೆ ಸ್ನಾನ ಮುಗಿಯಲಿ, ಎರಡು ದಿನ ಚರ್ಮದ ಜಿಡ್ಡು ಹೋಗಲಿ, ಆಮೇಲೆ ಹೊಸದು. ಹೋಳಿಗೆ ತಿಂದ ದಿನದ ಗ್ರಾಫ್ ತಪ್ಪಿಹೋಗುತ್ತದೆ ಅನ್ನುವುದು ಇದರ ಇನ್ನೊಂದು ಲಾಭ. ಡಾಕ್ಟರಿಗೆ ಇದು ಗೊತ್ತಿಲ್ಲ.

ಫೋನಿನ ಕಡೆಯ ಕಿರಿಕಿರಿ ಬೇರೆ. ಸೆನ್ಸರ್ ಚೆನ್ನಾಗಿದ್ದರೂ ಗ್ರಾಫಿನಲ್ಲಿ ಖಾಲಿ ಜಾಗ ಬೀಳುತ್ತದೆ. ಹೊಸ ಫೋನುಗಳು ಬ್ಯಾಟರಿ ಉಳಿಸಲು ಹಿಂದೆ ಓಡುವ ಆ್ಯಪ್‌ಗಳನ್ನು ನಿಲ್ಲಿಸಿಬಿಡುತ್ತವೆ. ಸೆಟ್ಟಿಂಗ್ಸ್‌ನಲ್ಲಿ ಸೆನ್ಸರ್ ಆ್ಯಪ್‌ಗೆ ಬ್ಯಾಟರಿ ಮಿತಿ ತೆಗೆಯಬೇಕು. ರಾತ್ರಿ ಫೋನ್ ಸೈಲೆಂಟ್ ಮಾಡುವವರು ಈ ಒಂದು ಅಲಾರಂಗೆ ಮಾತ್ರ ಅನುಮತಿ ಕೊಟ್ಟಿರಬೇಕು. ಫೋನನ್ನು ತೋಳಿಗೆ ಹಿಡಿದು ಸ್ಕ್ಯಾನ್ ಮಾಡುವ ಮಾದರಿಯಾದರೆ ಇನ್ನೊಂದು ಲೆಕ್ಕ ಇದೆ. ಅದರ ನೆನಪು ಎಂಟು ಗಂಟೆ ಮಾತ್ರ. ರಾತ್ರಿ ಹತ್ತು ಗಂಟೆಗೆ ಸ್ಕ್ಯಾನ್ ಮಾಡಿ ಮಲಗಿ ಬೆಳಿಗ್ಗೆ ಎಂಟಕ್ಕೆ ಮಾಡಿದರೆ ಮೊದಲ ಎರಡು ಗಂಟೆ ಅಳಿಸಿಹೋಗಿರುತ್ತದೆ.

ಕೊಳ್ಳುವಾಗ ಎಕ್ಸ್‌ಪೈರಿ ತಾರೀಕು ನೋಡಿ. ಆಫರ್‌ನಲ್ಲಿ ಕಮ್ಮಿಗೆ ಕೊಡುವುದು ಅನೇಕ ಸಲ ಮುಗಿಯಲು ಬಂದ ಮಾಲು. ಮನೆಯಲ್ಲಿ ಇಡುವ ಉಷ್ಣಾಂಶ ಪೆಟ್ಟಿಗೆಯ ಮೇಲೆ ಅಚ್ಚಾಗಿರುತ್ತದೆ. ನಮ್ಮ ಕಡೆಯ ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಸ್ಕೂಟರ್ ಡಿಕ್ಕಿ, ಕಾರಿನ ಡ್ಯಾಶ್‌ಬೋರ್ಡ್ ಎರಡೂ ಆ ಮಿತಿ ದಾಟುತ್ತವೆ. ಒಳಗಿರುವುದು ಕಿಣ್ವ, ಬಿಸಿ ತಗುಲಿದರೆ ಹಾಳು. ಫ್ರಿಜ್ಜಿನ ಐಸ್ ಖಾನೆಯೂ ಬೇಡ.

ನನ್ನ ಒಂದು ಸೆನ್ಸರ್ ಮೊದಲ ವಾರವೇ ಸತ್ತಿತು. ಸುಮ್ನೆ ಕೆಲಸ ನಿಲ್ಲಿಸಿತು. ತಂದ ಅಂಗಡಿಯವರು "ಅದು ಬಂದಿದ್ ಬಂತು ಸಾರ್, ರಿಟರ್ನ್ ಇಲ್ಲ" ಅಂದುಬಿಟ್ಟರು. ಅವರ ಮಾತಿಗೆ ಬಿಟ್ಟು ಬರಬಾರದು. ಪೆಟ್ಟಿಗೆಯ ಮೇಲೆ ಕಂಪನಿಯ ಟೋಲ್‌ಫ್ರೀ ನಂಬರ್ ಇತ್ತು. ಫೋನ್ ಮಾಡಿದಾಗ ಸೀರಿಯಲ್ ನಂಬರ್, ಕೊಂಡ ಬಿಲ್ಲು, ಹಾಕಿದ ತಾರೀಕು, ಪರದೆಯಲ್ಲಿ ಬಂದ ಎಚ್ಚರಿಕೆಯ ಫೋಟೋ ಕೇಳಿದರು. ಎಲ್ಲ ಇತ್ತು. ಸ್ವಲ್ಪ ಸತಾಯಿಸಿದರು, ಎರಡು ಸಲ ಮತ್ತೆ ಮತ್ತೆ ಅದೇ ಪ್ರಶ್ನೆ. ಕೊನೆಗೆ ಬದಲಿ ಬಂತು. ಹಾಗಾಗಿ ಹದಿನಾಲ್ಕು ದಿನ ಮುಗಿಯುವ ತನಕ ಪೆಟ್ಟಿಗೆ ಎಸೆಯುವುದಿಲ್ಲ. ಕೆಟ್ಟ ಸೆನ್ಸರನ್ನೂ ಎತ್ತಿಡುತ್ತೇನೆ, ವಾಪಸ್ ಕೇಳಬಹುದು.

ಹದಿನಾಲ್ಕು ದಿನ ಆದ ಮೇಲೂ ಓಡಿಸುವ ಉಪಾಯ ಇದೆಯಾ ಅಂತ ಕೇಳುವವರು ಬಹಳ. ಕೆಲವು ಮಾದರಿಗಳನ್ನು ಮತ್ತೆ ಶುರು ಮಾಡಿಸುವ ದಾರಿಗಳನ್ನು ಜನ ಹುಡುಕಿಕೊಂಡಿದ್ದಾರೆ. ನನ್ನದು ತಾನಾಗಿಯೇ ನಿಂತುಬಿಡುತ್ತದೆ. ನಿಲ್ಲದಿದ್ದರೂ ನಾನು ಮುಂದುವರಿಸುತ್ತಿರಲಿಲ್ಲ. ದಿನ ಹೋದಂತೆ ಕಿಣ್ವದ ಶಕ್ತಿ ಕುಂದುತ್ತದೆ, ದೇಹ ಎಳೆಯ ಸುತ್ತ ಪೊರೆ ಕಟ್ಟುತ್ತದೆ. ಕೊನೆಯ ಒಂದೆರಡು ದಿನ ನನ್ನ ಅಂಕಿ ಹೊಯ್ದಾಡುವುದನ್ನು ಎಷ್ಟೋ ಸಲ ನೋಡಿದ್ದೇನೆ. ಅಂಥ ಅಂಕಿಯ ಮೇಲೆ ಇನ್ಸುಲಿನ್ ಲೆಕ್ಕ ಹಾಕಿ ಉಳಿಸುವ 357 ರೂಪಾಯಿ ನನಗೆ ಬೇಡ. ಉಳಿಸಬೇಕಾದ ದುಡ್ಡು ಒಂಬತ್ತನೇ ದಿನ ಬೀಳುವ ಸೆನ್ಸರ್‌ನಲ್ಲಿದೆ, ಹದಿನೈದನೇ ದಿನದಲ್ಲಿ ಅಲ್ಲ.

ಎಕ್ಸ್‌ರೇ, ಸಿಟಿ, ಎಂಆರ್‌ಐ ಸ್ಕ್ಯಾನ್ ಇದೆ ಅಂತ ಗೊತ್ತಿದ್ದರೆ ಅದಾದ ಮೇಲೆ ಹಾಕಿಕೊಳ್ಳಿ. ಅನೇಕ ಮಾದರಿಗಳನ್ನು ಸ್ಕ್ಯಾನ್‌ಗೆ ಮುಂಚೆ ತೆಗೆಯಿರಿ ಅನ್ನುತ್ತಾರೆ, ತೆಗೆದದ್ದು ಮತ್ತೆ ಹಾಕಲು ಬರುವುದಿಲ್ಲ.

ತೆಗೆಯುವಾಗ ಮಾತ್ರ ಎಣ್ಣೆ ನಮ್ಮ ಕಡೆ. ಅಂಚಿಗೆ ಕೊಬ್ಬರಿ ಎಣ್ಣೆ ಹಚ್ಚಿ ಹತ್ತು ನಿಮಿಷ ಬಿಟ್ಟರೆ ಅಂಟು ಮೆತ್ತಗಾಗುತ್ತದೆ. ಆಮೇಲೆ ಒಂದು ಕಡೆಯಿಂದ ನಿಧಾನವಾಗಿ ಸುಲಿಯಬೇಕು. ಚರ್ಮ ಕಿತ್ತು ಬರುವುದಿಲ್ಲ, ಮುಂದಿನ ಸಲಕ್ಕೆ ಜಾಗ ಚೆನ್ನಾಗಿರುತ್ತದೆ. ಸೆನ್ಸರ್ ಹಾಕಿದ ಡಬ್ಬಿಯೊಳಗೆ ಸೂಜಿ ಹಾಗೇ ಇರುತ್ತದೆ, ಅದನ್ನು ಮನೆಯ ಕಸಕ್ಕೆ ಹಾಕಬೇಡಿ. ಬೆಳಿಗ್ಗೆ ಕಸ ತೆಗೆದುಕೊಂಡು ಹೋಗುವ ಪೌರಕಾರ್ಮಿಕರು ಬರಿಗೈಯಲ್ಲಿ ಬೇರ್ಪಡಿಸುತ್ತಾರೆ. ನಾನು ಡಬ್ಬಿಗೆ ಮುಚ್ಚಳ ಹಾಕಿ, ಇನ್ಸುಲಿನ್ ಸೂಜಿಗಳ ಜೊತೆ ಗಟ್ಟಿ ಪ್ಲಾಸ್ಟಿಕ್ ಡಬ್ಬದಲ್ಲಿ ತುಂಬಿಡುತ್ತೇನೆ. ತುಂಬಿದ ಮೇಲೆ ಕ್ಲಿನಿಕ್‌ಗೆ ಹೋಗುವಾಗ ತೆಗೆದುಕೊಂಡು ಹೋದರೆ ಅಲ್ಲಿನ ಸಿಸ್ಟರ್ ತಮ್ಮ ಸೂಜಿಗಳ ಜೊತೆ ಸೇರಿಸಿಕೊಳ್ಳುತ್ತಾರೆ.